ಎಡ್ವರ್ಡ್ ಕಾಲದ ಬ್ರಿಟನ್: ಮಹಿಳೆಯರು ಮತ್ತು ಎಳೆಯರ ನಡುವೆ ಕ್ರೈಸ್ತ ಸೇವೆ

ಏಳನೆಯ ಎಡ್ವರ್ಡ್ ಬ್ರಿಟನ್ನನ್ನು ಆಳಿದ 1901ರಿಂದ 1910ರವರೆಗಿನ ಅವಧಿಯನ್ನು ಎಡ್ವರ್ಡ್ ಕಾಲ ಎನ್ನುತ್ತಾರೆ. ಮೊದಲ ಮಹಾಯುದ್ಧದವರೆಗಿನ ವರ್ಷಗಳನ್ನೂ ಇದಕ್ಕೆ ಸೇರಿಸುವ ರೂಢಿಯಿದೆ. ಆಗ ನಿರ್ಗತಿಕರಿಗೆ ಸರ್ಕಾರದ ಕಡೆಯಿಂದ ಇದ್ದ ಆಸರೆಗಳಲ್ಲಿ ಒಂದು ವರ್ಕ್‌ಹೌಸ್, ಅಂದರೆ ದುಡಿಸಿಕೊಂಡು ಊಟ-ವಸತಿ ಕೊಡುವ ಬಡವರ ಮನೆ. ಅಲ್ಲಿಗೆ ಸೇರುವುದೆಂದರೆ ಮಾನ ಹೋದಂತೆ ಎಂದು ಬಡವರು ಅಂಜುತ್ತಿದ್ದರು. ಈ ಕೊರತೆಯನ್ನು ತುಂಬಲು ಕ್ರೈಸ್ತ ಸಂಸ್ಥೆಗಳು ಮುಂದೆ ಬಂದವು. ಆದರೆ ನೆರವು ಯಾರಿಗೆ ಸಲ್ಲಬೇಕು ಎಂಬುದರಲ್ಲಿ ಅವುಗಳ ದಾರಿ ಬೇರೆ ಬೇರೆಯಾಗಿತ್ತು.

ಊರು ಬಿಟ್ಟು ಬಂದ ಹುಡುಗಿಯರು

1901ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13 ಲಕ್ಷ ಹೆಂಗಸರು ಮನೆಗೆಲಸದಲ್ಲಿದ್ದರು. ಬಹಳಷ್ಟು ಹುಡುಗಿಯರು ಎಳೆವಯಸ್ಸಿನಲ್ಲೇ ಹಳ್ಳಿ ಬಿಟ್ಟು ಪಟ್ಟಣ ಸೇರಿ, ಒಡೆಯರ ಮನೆಯಲ್ಲೇ ಉಳಿಯುತ್ತಿದ್ದರು. ಕೆಲಸ ಹೋದರೆ ತಲೆಯ ಮೇಲಿನ ಸೂರೂ ಹೋಗುತ್ತಿತ್ತು.

ಇಂಥವರಿಗಾಗಿ ಮೇರಿ ಟೌನ್‌ಸೆಂಡ್ 1875ರಲ್ಲಿ ಗರ್ಲ್ಸ್ ಫ್ರೆಂಡ್ಲಿ ಸೊಸೈಟಿಯನ್ನು ಕಟ್ಟಿದರು. ಆಂಗ್ಲಿಕನ್ ಚರ್ಚಿನ ಅನುಕೂಲಸ್ಥ ಹೆಂಗಸರು ಇದರ ‘ಅಸೋಸಿಯೇಟ್’ಗಳು, ದುಡಿಯುವ ಹುಡುಗಿಯರು ‘ಮೆಂಬರ್’ಗಳು. ಹುಡುಗಿ ಊರು ಬದಲಿಸಿದರೆ ಹೊಸ ಊರಿನ ಅಸೋಸಿಯೇಟ್‌ಗೆ ಅವಳ ಪರಿಚಯಪತ್ರ ಹೋಗುತ್ತಿತ್ತು. ತಂಗಲು ವಸತಿಗೃಹ, ಕೆಲಸ ಹುಡುಕಿಕೊಡುವ ಕಚೇರಿ, ಕಾಯಿಲೆ ಬಿದ್ದವರಿಗೆ ವಿಶ್ರಾಂತಿಧಾಮ ಇವೆಲ್ಲ ಇದ್ದವು. 1855ರಲ್ಲಿ ಲಂಡನ್ನಿನಲ್ಲಿ ಬೇರೂರಿದ ವೈ.ಡಬ್ಲ್ಯು.ಸಿ.ಎ. ಕೂಡ ದುಡಿಯುವ ಹೆಣ್ಣುಮಕ್ಕಳಿಗೆ ಹಾಸ್ಟೆಲ್‌ಗಳನ್ನು ನಡೆಸುತ್ತಿತ್ತು.

ಶೀಲದ ಷರತ್ತು

ಗರ್ಲ್ಸ್ ಫ್ರೆಂಡ್ಲಿ ಸೊಸೈಟಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಶೀಲವಂತೆಯೆಂಬ ಹೆಸರಿದ್ದವಳಿಗೆ ಮಾತ್ರ ಸದಸ್ಯತ್ವ, ಹೆಸರು ಕೆಟ್ಟರೆ ಕಾರ್ಡು ವಾಪಸ್. ಯಾರಿಗೆ ಆಸರೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅವಳೇ ಹೀಗೆ ಹೊರಗುಳಿದಳು.

ಅಂಥವಳನ್ನು ಬರಮಾಡಿಕೊಂಡ ಸಂಸ್ಥೆಗಳಲ್ಲಿ ಸಾಲ್ವೇಷನ್ ಆರ್ಮಿ ಮುಖ್ಯವಾದುದು. ಸ್ಥಾಪಕ ವಿಲಿಯಂ ಬೂತ್ ಅವರ ಸೊಸೆ ಫ್ಲಾರೆನ್ಸ್ ಬೂತ್ 1884ರಿಂದ ಅದರ ಮಹಿಳಾ ಸೇವಾ ವಿಭಾಗವನ್ನು ಮುನ್ನಡೆಸಿದರು. ಲಂಡನ್ನಿನ ಹ್ಯಾಕ್ನಿಯಲ್ಲಿ ಮದುವೆಯಾಗದ ತಾಯಂದಿರ ಹೆರಿಗೆಗೆ ಏರ್ಪಾಡಾಯಿತು. 1913ರಲ್ಲಿ ಕ್ಲ್ಯಾಪ್ಟನ್‌ನಲ್ಲಿ ದೊಡ್ಡ ಹೆರಿಗೆ ಆಸ್ಪತ್ರೆಯೇ ತೆರೆಯಿತು.

ಹುಡುಗರ ದಳ

ಗ್ಲಾಸ್ಗೋದ ಸಂಡೇ ಸ್ಕೂಲಿನಲ್ಲಿ ತುಂಟ ಹುಡುಗರನ್ನು ಹಿಡಿದು ಕೂರಿಸಲು ಪಾಡುಪಡುತ್ತಿದ್ದ ವಿಲಿಯಂ ಅಲೆಕ್ಸಾಂಡರ್ ಸ್ಮಿತ್, 1883ರಲ್ಲಿ ಬಾಯ್ಸ್ ಬ್ರಿಗೇಡ್ ಆರಂಭಿಸಿದರು. ಕವಾಯತು, ಆಟ, ವಾದ್ಯವೃಂದ, ಬೈಬಲ್ ಪಾಠ, ಬೇಸಿಗೆಯ ಶಿಬಿರ ಎಲ್ಲವೂ ಅದರಲ್ಲಿ ಬೆರೆತವು. 1909ರಲ್ಲಿ ಸ್ಮಿತ್ ಅವರಿಗೆ ಸರ್ ಪದವಿ ಸಿಕ್ಕಿತು. ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ ಕೂಡ ಇದೇ ಬ್ರಿಗೇಡಿನ ಉಪಾಧ್ಯಕ್ಷರಾಗಿದ್ದರು. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಅವರು ನಡೆಸಿದ ಮೊದಲ ಶಿಬಿರದಲ್ಲಿ ಬ್ರಿಗೇಡಿನ ಹುಡುಗರೂ ಇದ್ದರು.

ಮಕ್ಕಳ ಮನೆಗಳು

ನಿರ್ಗತಿಕ ಮಕ್ಕಳಿಗಾಗಿ ಮನೆಗಳನ್ನು ನಡೆಸಿದ ಥಾಮಸ್ ಬರ್ನಾರ್ಡೊ 1905ರಲ್ಲಿ ತೀರಿಕೊಂಡಾಗ ಅವರ ಸಂಸ್ಥೆ 8,000ಕ್ಕೂ ಹೆಚ್ಚು ಮಕ್ಕಳನ್ನು ಸಾಕುತ್ತಿತ್ತು. ನಿರ್ಗತಿಕ ಮಗು ಯಾವುದೇ ಇರಲಿ, ಬಾಗಿಲಿಂದ ಹಿಂದೆ ಕಳಿಸುವುದಿಲ್ಲ ಎಂಬುದು ಅವರ ಘೋಷಣೆ. ಲಂಡನ್ ಸಮೀಪದ ಬಾರ್ಕಿಂಗ್‌ಸೈಡ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಪುಟ್ಟ ಮನೆಗಳ ಒಂದು ಗ್ರಾಮವನ್ನೇ ಅವರು ಕಟ್ಟಿಸಿದ್ದರು.

ಇದೇ ಕೈಗಳು ಸಾವಿರಾರು ಮಕ್ಕಳನ್ನು ಹಡಗು ಹತ್ತಿಸಿ ಕೆನಡಾಕ್ಕೆ ಕಳಿಸಿದವು. ಹೆತ್ತವರ ಒಪ್ಪಿಗೆ ಕೇಳದೆ ಕಳಿಸಿದ್ದೂ ಉಂಟು. ಮಕ್ಕಳನ್ನು ಹೀಗೆ ಹೊರನಾಡುಗಳಿಗೆ ಸಾಗಿಸಿದ್ದಕ್ಕೆ ಬ್ರಿಟಿಷ್ ಸರ್ಕಾರ 2010ರಲ್ಲಿ ಕ್ಷಮೆ ಕೇಳಿತು.

ಉಳಿದುಬಂದದ್ದು

ಕ್ರಮೇಣ ಸರ್ಕಾರವೂ ಹೊಣೆ ಹೊತ್ತಿತು. 1906ರ ಕಾನೂನು ಶಾಲೆಗಳಲ್ಲಿ ಊಟ ಕೊಡಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ನೀಡಿತು. 1908ರ ಮಕ್ಕಳ ಕಾಯ್ದೆ ಬಾಲ ನ್ಯಾಯಾಲಯಗಳನ್ನು ತಂದಿತು. ಸಂಸತ್ ಚುನಾವಣೆಯಲ್ಲಿ ಮತದ ಹಕ್ಕಿಲ್ಲದ ಕಾಲದಲ್ಲಿ ಸಾವಿರಾರು ಹೆಂಗಸರು ಸಮಿತಿ ನಡೆಸಲು, ಲೆಕ್ಕ ಬರೆಯಲು, ಸಭೆಯಲ್ಲಿ ಮಾತಾಡಲು ಕಲಿತದ್ದು ಈ ಕ್ರೈಸ್ತ ಸಂಸ್ಥೆಗಳಲ್ಲೇ. ಗರ್ಲ್ಸ್ ಫ್ರೆಂಡ್ಲಿ ಸೊಸೈಟಿಯ ಶೀಲದ ನಿಯಮ ಮುಂದೆ ಬಿದ್ದುಹೋಯಿತು. ದುಡಿಯಲು ಬಂದ ಹೆಣ್ಣುಮಗಳಿಗೆ ನಂಬಿಕೆಯ ತಂಗುದಾಣ ಬೇಕೆಂಬ ವಿಚಾರ ಮಾತ್ರ ಉಳಿಯಿತು. ಬೆಂಗಳೂರಿನಲ್ಲಿ ಇಂದಿಗೂ ನಡೆಯುತ್ತಿರುವ ವೈ.ಡಬ್ಲ್ಯು.ಸಿ.ಎ. ಹಾಸ್ಟೆಲ್‌ಗಳು ಆ ವಿಚಾರದ ಮುಂದುವರಿಕೆಯೇ.