ಪ್ರಾಯೋಗಿಕ ವಿಮರ್ಶೆ
ಕವಿಯ ಹೆಸರು, ಕಾಲ, ಹಿನ್ನೆಲೆಗಳನ್ನು ಬದಿಗಿಟ್ಟು ಕವಿತೆಯನ್ನಷ್ಟೇ ನಿಕಟವಾಗಿ ಓದಿ ಪ್ರಬಂಧ ಬರೆಯುವ ಬೋಧನಾ ಕ್ರಮ. 1920ರ ದಶಕದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಂಗ್ಲಿಷ್ ತರಗತಿಗಳಲ್ಲಿ ಐ. ಎ. ರಿಚರ್ಡ್ಸ್ ಇದನ್ನು ರೂಪಿಸಿದರು. ಅವರು ಹೆಸರಿಲ್ಲದ ಕವಿತೆಗಳನ್ನು ಹಂಚಿ, ಸುಮಾರು ಒಂದು ವಾರದ ನಂತರ ವಿದ್ಯಾರ್ಥಿಗಳ ಬರಹಗಳನ್ನು ಪಡೆದು, ತರಗತಿಯಲ್ಲೇ ಚರ್ಚಿಸುತ್ತಿದ್ದರು. 13 ಕವಿತೆಗಳಿಗೆ ಬಂದ ಪ್ರತಿಕ್ರಿಯೆಗಳು 1929ರಲ್ಲಿ 'ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ' ಗ್ರಂಥವಾದವು.

ಫಲಿತಾಂಶ ಮುಜುಗರದ್ದು. ಜಾನ್ ಡನ್, ಹಾಪ್ಕಿನ್ಸ್‌ರಂಥವರ ರಚನೆಗಳನ್ನೂ ಹಲವರು ತಳ್ಳಿಹಾಕಿದ್ದರು. ಸಾಧಾರಣ ಪದ್ಯಗಳಿಗೆ ಧಾರಾಳ ಮೆಚ್ಚುಗೆ ಸಿಕ್ಕಿತ್ತು. ವಾಚ್ಯಾರ್ಥವೇ ಕೈಗೆ ಹತ್ತದಿರುವುದು, ಅತಿಭಾವುಕತೆ, ಸಿದ್ಧ ಪ್ರತಿಕ್ರಿಯೆ ಇವನ್ನು ರಿಚರ್ಡ್ಸ್ ಓದಿನ ತೊಡಕುಗಳೆಂದು ಗುರುತಿಸಿದರು. ದೊಡ್ಡ ಹೆಸರಿನ ಆಸರೆ ತಪ್ಪಿದರೆ ಪಂಡಿತರೂ ತಡವರಿಸಿಯಾರು ಎಂಬುದು ಬೇರೆ ಮಾತು. ರಿಚರ್ಡ್ಸ್ ಅವರ ಶಿಷ್ಯ ವಿಲಿಯಂ ಎಂಪ್ಸನ್ 1930ರಲ್ಲಿ ಪ್ರಕಟಿಸಿದ 'ಸೆವೆನ್ ಟೈಪ್ಸ್ ಆಫ್ ಆಂಬಿಗ್ವಿಟಿ' ಇದೇ ಅಭ್ಯಾಸದ ಫಲ. ಅಮೆರಿಕದ ಕಾಲೇಜುಗಳಲ್ಲಿ ಬ್ರೂಕ್ಸ್ ಮತ್ತು ವಾರೆನ್‌ರ 1938ರ ಪಠ್ಯ 'ಅಂಡರ್‌ಸ್ಟ್ಯಾಂಡಿಂಗ್ ಪೊಯೆಟ್ರಿ' ಈ ಬಗೆಯ ಓದನ್ನು ಹರಡಿತು. ಕೇಂಬ್ರಿಜ್‌ನಲ್ಲಿ ಇಂಥದೇ ನಿಕಟ ಓದನ್ನು ಕಲಿಸುತ್ತಿದ್ದ ವಿಮರ್ಶಕ ಎಫ್. ಆರ್. ಲೀವಿಸ್‌ರ ಶಿಷ್ಯರಾಗಿದ್ದ ಸಿ. ಡಿ. ನರಸಿಂಹಯ್ಯ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸಿದರು.