ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್: ಹೆಸರೊಂದು, ಚಿಪ್ ಇನ್ನೊಂದಾದರೆ ಪತ್ತೆ ಮಾಡೋದು ಹೇಗೆ?

ಗೇಮ್ ಆಡೋದಕ್ಕೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಅನ್ನೋ ಕಾಲ ಹೋಯಿತು. ಮದುವೆ ವಿಡಿಯೋ ಎಡಿಟಿಂಗ್, ಮನೆಯ ತ್ರೀಡಿ ಡಿಸೈನ್, ಎಐ ಕಲಿಕೆ, ಎಲ್ಲದಕ್ಕೂ ಅದು ಬೇಕು. ಹೊಸದರ ಬೆಲೆ ವಿದ್ಯಾರ್ಥಿಗಳ ಕೈಗೆ ಎಟಕುವುದಿಲ್ಲ. ಹಾಗಾಗಿ ನಮ್ಮ ಹುಡುಗರು ಹಳೆ ಕಾರ್ಡ್ ಹುಡುಕ್ತಾರೆ. ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಆದರೆ ಈ ಮಾರುಕಟ್ಟೆಯಲ್ಲಿ ಬೇರೆ ಹೆಸರು ಅಂಟಿಸಿದ ಮಾಲು, ಒಳಗೆ ಕೈಯಾಡಿಸಿದ ಮಾಲು ಎರಡೂ ಓಡಾಡ್ತಿವೆ.

ಕುಂದುರ್ಪಿಯಂಥ ಗಡಿ ಊರಿನವರಿಗೆ ಇದರ ಏಟು ಜಾಸ್ತಿ. ಕಲ್ಯಾಣದುರ್ಗದಲ್ಲೋ ಹಿಂದೂಪುರದಲ್ಲೋ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಮನೆಗೆ ತಂದ ಮೇಲೆ ತೊಂದರೆ ಕಂಡರೆ ವಾಪಸ್ ಹೋಗಿಬರಲು ಇನ್ನೊಂದು ದಿನ, ಇನ್ನೊಂದು ಸಲ ಬಸ್ ಚಾರ್ಜು. ಆದ್ದರಿಂದ ದುಡ್ಡು ಕೊಡುವ ಮೊದಲೇ ಪರೀಕ್ಷೆ ಮಾಡುವುದನ್ನು ಕಲಿತಿರಬೇಕು.

ಮೋಸ ಎಲ್ಲಿ ನಡೆಯುತ್ತದೆ?

ಕಾರ್ಡಿನ ಮೇಲೆ ಬಯಾಸ್ ಅನ್ನುವ ಚಿಕ್ಕ ಪ್ರೋಗ್ರಾಂ ಇರುತ್ತದೆ. ಕಾರ್ಡಿನ ಹೆಸರು, ಮೆಮೊರಿ, ವೇಗ ಇಷ್ಟನ್ನೂ ಕಂಪ್ಯೂಟರಿಗೆ ತಿಳಿಸುವುದು ಅದೇ. ಹಳೆ ಕಾರ್ಡುಗಳಲ್ಲಿ ಇದನ್ನು ಬದಲಾಯಿಸುವುದು ಸುಲಭ. ಆಗ ಡಿವೈಸ್ ಮ್ಯಾನೇಜರಿನಲ್ಲಿ ಹೊಸ ಹೆಸರೇ ಕಾಣುತ್ತದೆ, ಒಳಗಿನ ಚಿಪ್ ಮಾತ್ರ ಹಳೆಯದೇ. ಅಂದರೆ ಸ್ಟಿಕ್ಕರ್ ಹೇಗೋ, ಸ್ಕ್ರೀನಿನಲ್ಲಿ ಕಾಣುವ ಹೆಸರೂ ಹಾಗೇ, ಎರಡನ್ನೂ ಬದಲಾಯಿಸಬಹುದು. ನಂಬಬೇಕಾದದ್ದು ಚಿಪ್ಪಿನ ಲೆಕ್ಕವನ್ನು ಮತ್ತು ಅದು ಮಾಡಿ ತೋರಿಸುವ ಕೆಲಸವನ್ನು.

ಸಾಮಾನ್ಯವಾಗಿ ಕಾಣುವ ಬಗೆಗಳು ಇವು:

1. ಹಳೆ ಚಿಪ್, ಹೊಸ ಹೆಸರು. 2010ರ ಜಿಟಿಎಸ್ 450, 2011ರ ಜಿಟಿಎಕ್ಸ್ 550 ಟಿಐ ಕಾರ್ಡುಗಳನ್ನು ಜಿಟಿಎಕ್ಸ್ 1050 ಟಿಐ, 960, 1060 ಅಂತ ಮಾರಿದ್ದು ಜಗತ್ತಿನ ಹಲವು ಕಡೆ ಪತ್ತೆಯಾಗಿದೆ.

2. ಒಂದೇ ಹೆಸರು, ಕಡಿಮೆ ಮಾಲು. 2018ರಲ್ಲಿ ಚೀನಾ ಮಾರುಕಟ್ಟೆಗೆ ಬಂದ ಆರ್‌ಎಕ್ಸ್ 580 2048ಎಸ್‌ಪಿ ಎಂಬುದು ಎಎಂಡಿ ಕಂಪನಿಯದೇ ಕಾರ್ಡ್. ಆದರೆ ಲೆಕ್ಕದಲ್ಲಿ ಅದು ಆರ್‌ಎಕ್ಸ್ 570. '2048ಎಸ್‌ಪಿ' ಅನ್ನುವುದನ್ನು ಬಿಟ್ಟು ಬರೀ 580 ಅಂತ ಮಾರಿದರೆ ಅದು ಮೋಸ.

3. ಮೈನಿಂಗ್ ಕಾರ್ಡ್. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿನಿಂದ ಅದರ ಮೈನಿಂಗ್ ನಿಂತಿತು. ಹಗಲು ರಾತ್ರಿ ಓಡಿದ್ದ ಕಾರ್ಡುಗಳು ಹಳೆ ಮಾಲಿನ ಮಾರುಕಟ್ಟೆಗೆ ಬಂದವು. ಆರ್‌ಎಕ್ಸ್ ಕಾರ್ಡುಗಳಲ್ಲಿ ಮೈನಿಂಗಿಗಾಗಿ ಬದಲಿಸಿದ ಬಯಾಸ್ ಹಾಗೇ ಉಳಿದಿರಬಹುದು. ಪಿ106-100 ಅನ್ನುವ ಕಾರ್ಡಿಗಂತೂ ಮಾನಿಟರ್ ಜೋಡಿಸುವ ಪೋರ್ಟೇ ಇಲ್ಲ.

4. ಮೆಮೊರಿ ಹೆಚ್ಚಿಸಿದ ಕಾರ್ಡ್. 11 ಜಿಬಿಯ ಆರ್‌ಟಿಎಕ್ಸ್ 2080 ಟಿಐಗೆ ದೊಡ್ಡ ಮೆಮೊರಿ ಚಿಪ್ ಕೂರಿಸಿ 22 ಜಿಬಿ ಮಾಡುತ್ತಾರೆ. ಎಐ ಕೆಲಸದವರು ಗೊತ್ತಿದ್ದೇ ಕೊಳ್ತಾರೆ. ಹೇಳಿ ಮಾರಿದರೆ ತಪ್ಪಿಲ್ಲ, ಆದರೆ ಕಂಪನಿ ವಾರಂಟಿ ಸಿಗುವುದಿಲ್ಲ.

ಅಂಗಡಿಯಲ್ಲಿ ಕಣ್ಣಿನಿಂದಲೇ ನೋಡಬೇಕಾದದ್ದು

ಜಿಟಿಎಕ್ಸ್ 10 ಸರಣಿಯ ಚಿಪ್ಪುಗಳಿಂದ ಎನ್‌ವಿಡಿಯಾ ಅನಲಾಗ್ ಔಟ್‌ಪುಟ್ ತೆಗೆದುಹಾಕಿದೆ. ಹಾಗಾಗಿ '1050 ಟಿಐ' ಅಂತ ಹೇಳುವ ಕಾರ್ಡಿನಲ್ಲಿ ಹಳೆ ಮಾನಿಟರಿನ ನೀಲಿ ವಿಜಿಎ ಪೋರ್ಟ್ ಕಂಡರೆ ಅಲ್ಲೇ ಅನುಮಾನ ಪಡಿ. ಸ್ಕ್ರೂಗಳ ತಲೆ ಸವೆದಿದೆಯಾ, ಸೀರಿಯಲ್ ನಂಬರಿನ ಸ್ಟಿಕ್ಕರ್ ಕಿತ್ತು ಅಂಟಿಸಿದಂತಿದೆಯಾ, ಬಾಕ್ಸಿನ ನಂಬರಿಗೂ ಕಾರ್ಡಿನ ನಂಬರಿಗೂ ತಾಳೆ ಆಗುತ್ತಾ, ಮೆಮೊರಿ ಚಿಪ್ ಸುತ್ತ ಬೆಸುಗೆಯ ಅಂಟು ಉಳಿದಿದೆಯಾ ನೋಡಿ. ಸ್ಕ್ರೂ ಬಿಚ್ಚಿದ ಗುರುತು ಇದ್ದ ಮಾತ್ರಕ್ಕೆ ಕೆಟ್ಟ ಕಾರ್ಡ್ ಅಂತ ಅಲ್ಲ, ಥರ್ಮಲ್ ಪೇಸ್ಟ್ ಬದಲಾಯಿಸಲೂ ಬಿಚ್ಚಿರಬಹುದು. ಕಾರಣ ಕೇಳಿ.

ಕಂಪ್ಯೂಟರಿನಲ್ಲಿ ಪರೀಕ್ಷೆ

ಟೆಕ್‌ಪವರ್‌ಅಪ್‌ನವರ ಜಿಪಿಯು-ಝೆಡ್ ಉಚಿತ ಸಾಫ್ಟ್‌ವೇರ್. ಅದರ ಹೊಸ ಆವೃತ್ತಿಯನ್ನು ಅವರ ಸ್ವಂತ ವೆಬ್‌ಸೈಟಿನಿಂದ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. 2018ರಿಂದ ಅದು ಎನ್‌ವಿಡಿಯಾದ ಹಲವು ಹಳೆ ಚಿಪ್ಪುಗಳ ನಕಲಿ ಕಾರ್ಡನ್ನು ಗುರುತಿಸಿ ಹೆಸರಿನ ಮುಂದೆಯೇ 'ಫೇಕ್' ಅಂತ ತೋರಿಸುತ್ತದೆ. ಹಾಗೆ ತೋರಿಸದಿದ್ದರೂ 'ಶೇಡರ್ಸ್' ಮತ್ತು 'ಬಸ್ ವಿಡ್ತ್' ಎರಡನ್ನೂ ತಾಳೆ ನೋಡಿ:

ಜಿಟಿಎಕ್ಸ್ 1050 ಟಿಐ: 768 ಶೇಡರ್, 128 ಬಿಟ್
ಜಿಟಿಎಕ್ಸ್ 1060, 3 ಜಿಬಿ: 1152 ಶೇಡರ್, 192 ಬಿಟ್
ಜಿಟಿಎಕ್ಸ್ 1060, 6 ಜಿಬಿ: 1280 ಶೇಡರ್, 192 ಬಿಟ್
ಆರ್‌ಎಕ್ಸ್ 570: 2048 ಶೇಡರ್, 256 ಬಿಟ್
ಆರ್‌ಎಕ್ಸ್ 580: 2304 ಶೇಡರ್, 256 ಬಿಟ್
ಆರ್‌ಟಿಎಕ್ಸ್ 3060, 12 ಜಿಬಿ: 3584 ಶೇಡರ್, 192 ಬಿಟ್
ಆರ್‌ಟಿಎಕ್ಸ್ 3060, 8 ಜಿಬಿ: 3584 ಶೇಡರ್, 128 ಬಿಟ್

3060ರಲ್ಲಿ 3840 ಶೇಡರ್, 6 ಜಿಬಿ ಅಂತ ಬಂದರೆ ಅದು ಲ್ಯಾಪ್‌ಟಾಪ್ ಚಿಪ್ಪನ್ನು ಡೆಸ್ಕ್‌ಟಾಪ್ ಬೋರ್ಡಿಗೆ ಕೂರಿಸಿದ ಕಾರ್ಡ್. ಸಂಖ್ಯೆ ಜಾಸ್ತಿ ಇದೆ ಅಂತ ಖುಷಿಪಡಬೇಡಿ, ಅದಕ್ಕೆ ಸರಿಯಾದ ಡ್ರೈವರ್ ಸಿಗುವುದೇ ತಲೆನೋವು.

ಆಮೇಲೆ ಫರ್‌ಮಾರ್ಕ್‌ನಂಥ ಟೆಸ್ಟನ್ನು ಹತ್ತು ಹದಿನೈದು ನಿಮಿಷ ಓಡಿಸಿ, ಬಿಸಿ ಎಷ್ಟು ಏರುತ್ತದೆ ಗಮನಿಸಿ. ಕೊನೆಗೆ ಓಸಿಸಿಟಿಯ ವಿಡಿಯೋ ಮೆಮೊರಿ ಟೆಸ್ಟ್ ಮಾಡಿ. 1 ಜಿಬಿ ಇರುವ ಕಾರ್ಡ್ 4 ಜಿಬಿ ಅಂತ ಸುಳ್ಳು ಹೇಳುತ್ತಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಲಕ್ಷಣ ನೋಡಿ ಕಾರಣ ಹುಡುಕಿ

ಮಾರಿದವರು ಕೊಟ್ಟ ಸಿಡಿಯ ಡ್ರೈವರ್‌ನಲ್ಲಿ ಓಡಿ, ಎನ್‌ವಿಡಿಯಾದ ಹೊಸ ಡ್ರೈವರ್ ಹಾಕಿದ ಕೂಡಲೇ ಸ್ಕ್ರೀನ್ ಕಪ್ಪಾದರೆ: ನಕಲಿ ಬಯಾಸ್ ಇರುವ ಸಾಧ್ಯತೆ ಹೆಚ್ಚು. 450, 550 ಟಿಐ ತಲೆಮಾರಿಗೆ ಕಂಪನಿ 2018ರಲ್ಲೇ ಹೊಸ ಡ್ರೈವರ್ ನಿಲ್ಲಿಸಿದೆ.

ಆರ್‌ಎಕ್ಸ್ ಕಾರ್ಡಿನಲ್ಲಿ 'ಕೋಡ್ 43' ಬಂದರೆ: ಮೈನಿಂಗ್ ಬಯಾಸ್ ಇರಬಹುದು. ಕೆಲವು ಕಾರ್ಡಿನ ಅಂಚಿನಲ್ಲಿ ಎರಡು ಬಯಾಸ್‌ಗೆ ಚಿಕ್ಕ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಸ್ವಿಚ್ ಬದಲಿಸಿ ನೋಡಿ.

ಚಿಕ್ಕ ಗೇಮ್ ಸರಿ, ದೊಡ್ಡ ಗೇಮ್ ಅರ್ಧದಲ್ಲೇ ಕ್ರ್ಯಾಶ್: ಮೆಮೊರಿ ಟೆಸ್ಟ್ ಮಾಡಿ.

ಸ್ಕ್ರೀನಿನಲ್ಲಿ ಬಣ್ಣದ ಚೌಕ, ಗೆರೆ: ಮೆಮೊರಿ ಅಥವಾ ಚಿಪ್ ಹಾಳಾಗುತ್ತಿರುವ ಗುರುತು.

ಲೋಡ್ ಬಂದಾಗ ಕಂಪ್ಯೂಟರೇ ಆಫ್: ಮೊದಲು ಪವರ್ ಸಪ್ಲೈ ನೋಡಿ. ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡದೆ ಕಾರ್ಡನ್ನೂ ಮಾರಿದವರನ್ನೂ ದೂರಬೇಡಿ.

ಸುಮ್ಮನಿರುವಾಗ ಪಿಸಿಐಇ 1.1 ಅಂತ ತೋರಿಸಿದರೆ ಹೆದರಬೇಡಿ. ಕರೆಂಟ್ ಉಳಿಸಲು ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಯೂಟ್ಯೂಬ್ ನೋಡಿ ತಕ್ಷಣ ಬಯಾಸ್ ಬದಲಿಸಲು ಹೋಗಬೇಡಿ. ವಾಪಸ್ ಕೊಡುವ ಅವಕಾಶ ಇದ್ದರೆ ಮೊದಲು ವಾಪಸ್ ಕೇಳಿ. ನೀವೇ ಕೈಯಾಡಿಸಿದರೆ 'ಹಾಳು ಮಾಡಿದ್ದು ನೀನೇ' ಅಂತಾರೆ. ಜಿಪಿಯು-ಝೆಡ್ ಸ್ಕ್ರೀನಿನ ಫೋಟೋ, ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ.

ಬಿಲ್ ಇದ್ದರೆ ದಾರಿ ಇದೆ

ಬಿಲ್ಲಿನಲ್ಲಿ ಬರೀ 'ಗ್ರಾಫಿಕ್ಸ್ ಕಾರ್ಡ್' ಅಂತ ಬರೆಸಬೇಡಿ. ಪೂರ್ತಿ ಮಾಡೆಲ್, ಮೆಮೊರಿ, ಸೀರಿಯಲ್ ನಂಬರ್, ಎಷ್ಟು ದಿನದ ಟೆಸ್ಟಿಂಗ್ ವಾರಂಟಿ ಎಲ್ಲವೂ ಇರಲಿ. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಕುಂದುರ್ಪಿಯವರು ಅನಂತಪುರದ ಜಿಲ್ಲಾ ಆಯೋಗಕ್ಕೇ ಹೋಗಬಹುದು. ಎರಡು ವರ್ಷದ ಒಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಆದರೆ ಮರುಮಾರಾಟಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಾಗುವುದಿಲ್ಲ. ಆನ್‌ಲೈನಿನಲ್ಲಿ ದುಡ್ಡು ಹಾಕಿಸಿಕೊಂಡು ಮಾಲೇ ಕಳಿಸದಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮಾರುವವರಿಗೂ ಒಂದು ಮಾತು

ನಮ್ಮಲ್ಲಿ ವ್ಯಾಪಾರ ಮಾಡುವವರೇ ಹೆಚ್ಚು. ಹಳೆ ಮೊಬೈಲ್, ಕಂಪ್ಯೂಟರ್ ಮಾರುವ ಹುಡುಗರೂ ಬೇಕಾದಷ್ಟಿದ್ದಾರೆ. ಪ್ರವಾದಿಯವರು (ಸ) ಸಂತೆಯಲ್ಲಿ ಕಾಳಿನ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ ಘಟನೆ ಮದ್ರಸ ಕಲಿತ ಎಲ್ಲರಿಗೂ ಗೊತ್ತು. ಮಳೆಯಿಂದ ನೆನೆದದ್ದು ಅಂತ ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಅಂತ ಅವರು ಕೇಳಿದರು. ನೆನೆದ ಕಾಳು ಮಾರಬಾರದು ಅಂತ ಅಲ್ಲಿ ಹೇಳಲಿಲ್ಲ, ಮುಚ್ಚಿಟ್ಟದ್ದನ್ನು ಪ್ರಶ್ನಿಸಿದರು. ಮೈನಿಂಗ್ ಕಾರ್ಡ್ ಆದರೆ ಮೈನಿಂಗ್ ಕಾರ್ಡ್ ಅಂತ ಹೇಳಿ, ಅದರ ಬೆಲೆಗೆ ಮಾರಿ. 2048ಎಸ್‌ಪಿ ಆದರೆ ಬಿಲ್ಲಿನಲ್ಲಿ ಹಾಗೇ ಬರೆಯಿರಿ. ಗಿರಾಕಿಯ ಮುಂದೆಯೇ ಜಿಪಿಯು-ಝೆಡ್ ಓಪನ್ ಮಾಡಿ ತೋರಿಸಲು ಐದು ನಿಮಿಷ ಸಾಕು, ಆಮೇಲೆ ಜಗಳಕ್ಕೆ ಜಾಗವೇ ಇರುವುದಿಲ್ಲ.