ಮತಗಟ್ಟೆಗೆ ಬಾರದವರು: ಒಂದು ಶತಮಾನದ ಹುಡುಕಾಟ ಮತ್ತು ಕೆಜಿಎಫ್‌ನ ಪ್ರಶ್ನೆ

2024ರ ಏಪ್ರಿಲ್ 26ರಂದು ಕೋಲಾರ ಲೋಕಸಭಾ ಕ್ಷೇತ್ರದಲ್ಲಿ ನೂರಕ್ಕೆ 78ರಷ್ಟು ಮತದಾನವಾಯಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ 53. ಎರಡು ಕ್ಷೇತ್ರಗಳ ನಡುವೆ ನೂರು ಕಿಲೋಮೀಟರಿನ ಅಂತರವೂ ಇಲ್ಲ. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಮಾರಿಕುಪ್ಪಂನಿಂದ ನಸುಕಿಗೇ ಹೊರಡುವ ರೈಲು ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲಗಳಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ದಾಟಿ ಬೆಂಗಳೂರು ಸೇರುತ್ತದೆ. ಸಂಜೆ ಅದೇ ಜನ ಅದೇ ಹಳಿಯ ಮೇಲೆ ಮರಳುತ್ತಾರೆ. ಹೀಗಿದ್ದರೂ ಫಲಿತಾಂಶದ ಮರುದಿನ ಕೇಳಿಬರುವ ವಿವರಣೆ ಬದಲಾಗುವುದಿಲ್ಲ: ಹಳ್ಳಿಯವರಿಗೆ ಕಾಳಜಿಯಿದೆ, ಪಟ್ಟಣದವರು ಸೋಮಾರಿಗಳು. ಮತ ಹಾಕದವರ ಬಗ್ಗೆ ನೂರು ವರ್ಷಗಳಿಂದ ನಡೆದಿರುವ ಅಧ್ಯಯನವನ್ನು ಓದುತ್ತ ಹೋದರೆ, ಈ ವಿವರಣೆ ಎಷ್ಟು ಹಳೆಯದೋ ಅಷ್ಟೇ ಬಡಕಲು ಎಂಬುದು ಮನವರಿಕೆಯಾಗುತ್ತದೆ.

ಈ ಅಧ್ಯಯನ ಶಾಖೆಗೆ ಬುನಾದಿ ಬಿದ್ದದ್ದು ಷಿಕಾಗೋದಲ್ಲಿ. 1923ರ ಅಲ್ಲಿನ ಮೇಯರ್ ಚುನಾವಣೆಯಲ್ಲಿ ಅರ್ಹರ ಪೈಕಿ ಅರ್ಧದಷ್ಟು ಜನ ಮತ ಹಾಕಲಿಲ್ಲ. ಚಾರ್ಲ್ಸ್ ಮೆರಿಯಮ್ ಮತ್ತು ಹೆರಾಲ್ಡ್ ಗಾಸ್ನೆಲ್ ಎಂಬ ಇಬ್ಬರು ವಿದ್ವಾಂಸರು ಅಂಥ ಸುಮಾರು 6,000 ಮಂದಿಯ ಮನೆಗೇ ಹೋಗಿ ಕಾರಣ ಕೇಳಿಸಿ, 1924ರಲ್ಲಿ ಪುಸ್ತಕ ತಂದರು. ಉದಾಸೀನ ಎಂಬ ಉತ್ತರ ಹೇರಳವಾಗಿ ಬಂತು, ನಿಜ. ಅದರ ಜೊತೆಗೇ ಬಂದ ಉಳಿದ ಉತ್ತರಗಳು ಇಂದಿಗೂ ಓದುವಂತಿವೆ: ಕಾಯಿಲೆ, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆ, ಊರಲ್ಲಿ ಇಲ್ಲದಿರುವುದು, ಕೂಲಿ ಹೋದೀತೆಂಬ ಭಯ, ಮತಗಟ್ಟೆ ದೂರ, ವಯಸ್ಸು ಹೇಳಬೇಕಾಗುವ ಮುಜುಗರ, ಗಂಡನ ವಿರೋಧ, ರಾಜಕಾರಣದ ಬಗ್ಗೆ ಜುಗುಪ್ಸೆ, ಒಂದು ಮತದಿಂದ ಏನಾದೀತು ಎಂಬ ನಿರಾಸೆ. ಗಾಸ್ನೆಲ್ ಅಲ್ಲಿಗೇ ನಿಲ್ಲಲಿಲ್ಲ. ಕೆಲವರಿಗೆ ನೆನಪೋಲೆ ಕಳಿಸಿ, ಕೆಲವರಿಗೆ ಕಳಿಸದೆ ಹೋಲಿಸಿ ನೋಡಿದ. ವಲಸಿಗರ ಬೀದಿಗಳಿಗೆ ಅವರವರ ಭಾಷೆಯಲ್ಲೇ ಕಾಗದ ಹೋಯಿತು. 1927ರಲ್ಲಿ ಪ್ರಕಟವಾದ ಆ ಪ್ರಯೋಗ, ಕಾಗದ ತಲುಪಿದವರು ಹೆಚ್ಚು ಸಂಖ್ಯೆಯಲ್ಲಿ ಬಂದದ್ದನ್ನು ತೋರಿಸಿತು. ತಮಿಳು, ತೆಲುಗು, ಉರ್ದು, ಕನ್ನಡ ಒಂದೇ ಬೀದಿಯಲ್ಲಿ ಕೇಳುವ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಕೂತು ಓದುವಾಗ ಈ ಸಂಗತಿ ತೀರ ಪಕ್ಕದ ಮನೆಯದೆನಿಸುತ್ತದೆ.

ನಮ್ಮ ಕಡೆ ಆಗ ಪ್ರಶ್ನೆಯೇ ಬೇರೆ. ಯಾರು ಮತ ಹಾಕಲಿಲ್ಲ ಎನ್ನುವ ಮೊದಲು ಯಾರಿಗೆ ಮತ ಇತ್ತು ಎಂದು ಕೇಳಬೇಕಿತ್ತು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ ಕರೆದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದವರನ್ನು ಯಾರೂ ಚುನಾಯಿಸಿರಲಿಲ್ಲ. 1891ರ ಹೊತ್ತಿಗೆ ಚುನಾವಣೆ ಬಂತಾದರೂ ಇಂತಿಷ್ಟು ಕಂದಾಯ ಕಟ್ಟುವವರಿಗೆ, ಪದವೀಧರರಿಗೆ ಮಾತ್ರ ಆ ಭಾಗ್ಯ. 1923ರ ಕಾಯ್ದೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಆಸ್ತಿಯ ಹೊಸ್ತಿಲು ಮಾತ್ರ ಹಾಗೇ ಉಳಿಯಿತು. ಆ ಹೊಸ್ತಿಲ ಆಚೆ ನಿಂತವರಲ್ಲಿ ಕೋಲಾರದ ಚಿನ್ನದ ಗಣಿಯ ಕೂಲಿಗಳೂ ಇದ್ದರು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರೇ ಹೆಚ್ಚಾಗಿದ್ದ ಆ ಜನರಿಗೆ ಮನೆ ಕಂಪನಿಯದು, ನೆಲ ಕಂಪನಿಯದು, ಕಟ್ಟಲು ಕಂದಾಯವೇ ಇಲ್ಲ.

ಪಟ್ಟಿಗೆ ಹೆಸರು ಸೇರುವುದೆಂದರೆ ಅವರ ಪಾಲಿಗೆ ಆಗ ಬೇರೆಯೇ ಅನುಭವ. 1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮ ಬಂದಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಜಾನಕಿ ನಾಯರ್ ಅವರು ಸಂಸ್ಥಾನ ಕಾಲದ ಗಣಿ ಮತ್ತು ಗಿರಣಿ ಕಾರ್ಮಿಕರ ಕುರಿತು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಹೋರಾಟಕ್ಕೆ ದೊಡ್ಡ ಜಾಗವಿದೆ. ಆಳುವವರ ಪಟ್ಟಿ ಯಾರ ಅನುಕೂಲಕ್ಕೆ ಎಂಬ ಪ್ರಶ್ನೆಯನ್ನು ಈ ಊರು ಅಂದೇ ಕೇಳಿತ್ತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಜನ ವಯಸ್ಕ ಮತದಾನದ ಪಟ್ಟಿ ಸೇರಿದರು.

ಆ ಮೊದಲ ಪಟ್ಟಿಯ ಕಥೆಯೂ ಅಡ್ಡಿಗಳ ಕಥೆಯೇ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಮುಂದೆ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಅನೇಕ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಸೇನ್ ಅದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ನಿಯಮದ ದೃಷ್ಟಿಯಿಂದ ಸೇನ್ ಮಾಡಿದ್ದು ಸರಿ ಎಂದು ನನಗನಿಸುತ್ತದೆ. ಆದರೆ ಆ ಹೆಂಗಸರು ಮತ ಹಾಕದವರ ಲೆಕ್ಕಕ್ಕೂ ಸೇರಲಿಲ್ಲವೆಂಬುದನ್ನು ಮರೆಯಬಾರದು. ಶೇಕಡಾವಾರು ಲೆಕ್ಕ ನಡೆಯುವುದು ಪಟ್ಟಿಯಲ್ಲಿರುವವರ ಮೇಲೆ ಮಾತ್ರ. ಪಟ್ಟಿಯ ಹೊರಗಿರುವವರಿಗೆ ಶೇಕಡಾವಾರು ಎಂಬುದೇ ಇಲ್ಲ.

1957ರಲ್ಲಿ ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ ಈ ವಿಷಯವನ್ನು ಲಾಭ-ನಷ್ಟದ ತಕ್ಕಡಿಗೆ ಹಾಕಿದ. ಗೆಲುವು ಸೋಲು ನನ್ನ ಒಂದೇ ಮತದಿಂದ ತೀರ್ಮಾನವಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹೋಗಿಬರುವ ಖರ್ಚು, ಸಮಯ ಮಾತ್ರ ಕೈಬಿಟ್ಟು ಹೋಗುವುದು ಖಚಿತ. ಹಾಗಾದರೆ ವಿವೇಕಿ ಯಾಕೆ ಮತ ಹಾಕಬೇಕು? ಈ ಗಂಟು ಬಿಡಿಸಲು ರೈಕರ್ ಮತ್ತು ಆರ್ಡೆಶುಕ್ 1968ರಲ್ಲಿ ಸೂತ್ರಕ್ಕೆ ಇನ್ನೊಂದು ಅಂಶ ಕೂಡಿಸಿದರು: ಕರ್ತವ್ಯ ಮಾಡಿದ ತೃಪ್ತಿ. ಮುಂದಿನ ಹಲವು ದಶಕಗಳ ಪಾಶ್ಚಾತ್ಯ ಚರ್ಚೆ ಈ ಸೂತ್ರದ ಸುತ್ತಲೇ ತಿರುಗಿತು. ನನಗೆ ಅದರಲ್ಲಿ ಉಪಯುಕ್ತವಾಗಿ ಕಾಣುವುದು ಖರ್ಚಿನ ಅಂಶವೊಂದೇ. ಒಬ್ಬರಿಗೆ ಹತ್ತು ನಿಮಿಷದ ನಡಿಗೆಯಾದದ್ದು ಇನ್ನೊಬ್ಬರಿಗೆ ಇಡೀ ದಿನದ ಕೂಲಿ.

ಮೈಸೂರು ಸೀಮೆಯಿಂದ ಈ ಕ್ಷೇತ್ರಕ್ಕೆ ಸಂದ ದೊಡ್ಡ ಕಾಣಿಕೆ ಎಂ.ಎನ್. ಶ್ರೀನಿವಾಸರದು. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ ಅದನ್ನು ರಾಂಪುರವೆಂದು ಕರೆದ ಅವರು, 1955ರ ಲೇಖನದಲ್ಲಿ ವೋಟ್ ಬ್ಯಾಂಕ್ ಎಂಬ ಮಾತನ್ನು ಬಳಕೆಗೆ ತಂದರು. ಊರಿನ ಯಜಮಾನ ತನ್ನ ಆಸರೆಯಲ್ಲಿರುವವರ ಮತಗಳನ್ನು ಒಟ್ಟಾಗಿ ಒಯ್ದುಕೊಡುವ ಪದ್ಧತಿಗೆ ಆ ಹೆಸರು. ಈಗ ಅದು ಜಾತಿ-ಧರ್ಮಗಳನ್ನು ಹೀಗಳೆಯುವ ಮಾತಾಗಿರುವುದು ಬೇಸರದ ಸಂಗತಿ. ಒಬ್ಬರ ನಿರ್ಧಾರ ಒಬ್ಬರದೇ ಆಗಿರುವುದಿಲ್ಲ ಎಂಬ ಅವರ ಒಳನೋಟವನ್ನು ಮಾತ್ರ ಬಿಡುವಂತಿಲ್ಲ. ಕೆಜಿಎಫ್‌ನಲ್ಲಿ ಯಜಮಾನನ ಜಾಗದಲ್ಲಿದ್ದದ್ದು ಕಾರ್ಮಿಕ ಸಂಘ. ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷ, ಕರ್ನಾಟಕದ ನೆಲದಲ್ಲಿ ಅಣ್ಣಾ ಡಿಎಂಕೆ ಕೂಡ ಇಲ್ಲಿಂದ ವಿಧಾನಸಭೆಗೆ ಗೆದ್ದು ಹೋದದ್ದರ ಹಿಂದೆ ಆ ಸಂಘಟನೆಯ ಬಲವಿತ್ತು. ಒಂದೇ ಪಾಳಿಯಲ್ಲಿ ಗಣಿಗೆ ಇಳಿಯುವವರು, ಒಂದೇ ಲೈನಿನಲ್ಲಿ ಮನೆ ಇರುವವರು ಮತದಾನದ ಮಾತನ್ನೂ ಒಟ್ಟಿಗೇ ಆಡುತ್ತಿದ್ದರು.

1963ರಲ್ಲಿ ದೆಹಲಿಯಲ್ಲಿ ರಜನಿ ಕೊಠಾರಿ ಕಟ್ಟಿದ ಸಿಎಸ್‌ಡಿಎಸ್ ಸಂಸ್ಥೆ ದೊಡ್ಡ ಸಮೀಕ್ಷೆಗಳಿಗೆ ದಾರಿ ಮಾಡಿತು. ತೊಂಬತ್ತರ ದಶಕದಲ್ಲಿ ಯೋಗೇಂದ್ರ ಯಾದವ್ ಆ ಅಂಕಿಗಳನ್ನು ಮುಂದಿಟ್ಟು, ಭಾರತದಲ್ಲಿ ಬಡವರು, ದಲಿತರು ಉಳ್ಳವರಷ್ಟೇ, ಎಷ್ಟೋ ಸಲ ಅವರಿಗಿಂತ ಹೆಚ್ಚಾಗಿ ಮತ ಹಾಕುತ್ತಾರೆಂದು ತೋರಿಸಿದರು. ಅಮೆರಿಕದ ಪಠ್ಯಗಳು ಹೇಳುತ್ತಿದ್ದದ್ದು ಇದಕ್ಕೆ ನೇರ ವಿರುದ್ಧ: ಓದು, ಆದಾಯ ಏರಿದಂತೆ ಮತದಾನ ಏರುತ್ತದೆ ಎಂದು. ಕಾರಣ ಹುಡುಕಿದವರಲ್ಲಿ ಮುಕುಲಿಕಾ ಬ್ಯಾನರ್ಜಿ ಮುಖ್ಯರು. 2009ರ ಚುನಾವಣೆಯಲ್ಲಿ ದೇಶದ ಹನ್ನೆರಡು ಕಡೆ ಸಂಶೋಧಕರನ್ನು ಕೂರಿಸಿ, 2014ರಲ್ಲಿ ಪುಸ್ತಕ ಬರೆದರು. ಸಾಲಿನಲ್ಲಿ ಎಲ್ಲರಂತೆ ನಿಲ್ಲುವುದು, ಅಧಿಕಾರಿಯ ಬಾಯಲ್ಲಿ ತನ್ನ ಹೆಸರು ಕೇಳುವುದು, ಮೈಸೂರಿನ ಕಾರ್ಖಾನೆಯಲ್ಲಿ 1962ರಿಂದ ತಯಾರಾಗುವ ಶಾಯಿಯ ಗುರುತು ಬೆರಳಿಗೆ ಬೀಳುವುದು ತಾನೂ ಲೆಕ್ಕಕ್ಕಿದ್ದೇನೆ ಎಂಬುದಕ್ಕೆ ಪುರಾವೆ ಎಂದು ಜನ ಹೇಳಿದರು. ಇದನ್ನೆಲ್ಲ ಓದಿದ ಮೇಲೂ ಬಾರದವರನ್ನು ಸೋಮಾರಿ ಎನ್ನುವುದು ನನ್ನಿಂದಾಗದು.

ಈಗ ಕೆಜಿಎಫ್‌ಗೆ ಮರಳೋಣ. 2001ರ ಫೆಬ್ರವರಿ 28ರಂದು ಇಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಕೆಲಸ ಹೋದದ್ದು ಎಲ್ಲರಿಗೂ ಗೊತ್ತು. ಮತದಾನದ ಮಟ್ಟಿಗೆ ಆದದ್ದನ್ನು ಯಾರೂ ಕೂತು ವಿವರವಾಗಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಒಟ್ಟಿಗೆ ಮಾತಾಡುತ್ತಿದ್ದ ಪಾಳಿ ಹೋಯಿತು. ಮನೆ ಇಲ್ಲಿ, ದುಡಿಮೆ ಬೆಂಗಳೂರಿನಲ್ಲಿ ಎಂಬಂತಾಯಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೇತಮಂಗಲ ಕ್ಷೇತ್ರ ರದ್ದಾಗಿ ಅಲ್ಲಿನ ಹಳ್ಳಿಗಳು ಕೆಜಿಎಫ್‌ಗೆ ಸೇರಿದವು; ಗಣಿ ಊರಿನ ಮತವೊಂದೇ ಗೆಲುವು ತೀರ್ಮಾನಿಸುವ ಕಾಲ ಮುಗಿಯಿತು. ಒಂದು ಮತದಿಂದ ಏನಾದೀತು ಎಂಬ ಷಿಕಾಗೋದ ಹಳೆಯ ಉತ್ತರಕ್ಕೆ ಇಲ್ಲಿ ಹೊಸ ಆಧಾರ ಸಿಕ್ಕಂತಾಯಿತು.

ಮತದಾರರ ಪಟ್ಟಿಯ ಒಂದು ನಮೂದನ್ನು ಹತ್ತಿರದಿಂದ ನೋಡಿ. ಭಾಗದ ಸಂಖ್ಯೆ, ಕ್ರಮ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ಸಂಖ್ಯೆ, ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆ. ಕಂಪನಿ ಕ್ವಾರ್ಟರ್ಸ್‌ನಲ್ಲಿ ಹುಟ್ಟಿದ ಹುಡುಗಿ ಮದುವೆಯಾಗಿ ಬೆಂಗಳೂರಿನ ಕೆ.ಆರ್. ಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ ಎನ್ನಿ. ಇಲ್ಲಿನ ಪಟ್ಟಿಯಲ್ಲಿ ಆಕೆ ಇನ್ನೂ ಅಪ್ಪನ ಮಗಳು. ಅಲ್ಲಿನ ಪಟ್ಟಿಗೆ ಬರಲು ನಮೂನೆ 8 ತುಂಬಬೇಕು, ವಿಳಾಸಕ್ಕೆ ದಾಖಲೆ ಬೇಕು. ಬಾಡಿಗೆ ಕರಾರು ಕೊಡಲು ಮನೆ ಮಾಲೀಕ ಹಿಂಜರಿಯುತ್ತಾನೆ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಒಬ್ಬರಿಗೆ ಒಂದೇ ಕ್ಷೇತ್ರದಲ್ಲಿ ಹೆಸರು ಎನ್ನುತ್ತದೆ. ಮನೆ ಸ್ವಂತದ್ದು ಎಂಬುದೊಂದೇ ಕಾರಣಕ್ಕೆ ಅಲ್ಲಿನ ನಿವಾಸಿ ಎನ್ನುವಂತಿಲ್ಲ, ತಾತ್ಕಾಲಿಕವಾಗಿ ಊರು ಬಿಟ್ಟರೆ ನಿವಾಸ ತಪ್ಪುವುದೂ ಇಲ್ಲ ಎಂದೂ ಹೇಳುತ್ತದೆ. ಇಪ್ಪತ್ತು ವರ್ಷದ ತಾತ್ಕಾಲಿಕಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಅಂಥ ಹುಡುಗಿ ಮತದಾನದ ದಿನ ಬರದಿದ್ದರೆ ಲೆಕ್ಕದಲ್ಲಿ ಕೆಜಿಎಫ್‌ನ ನಿರಾಸಕ್ತ ಮತದಾರಳಾಗುತ್ತಾಳೆ.

ಪಟ್ಟಿಯನ್ನೇ ಪರೀಕ್ಷೆಗೆ ಒಡ್ಡುವ ಕೆಲಸ ಕರ್ನಾಟಕದಲ್ಲಿ ಈಚೆಗೆ ಶುರುವಾಗಿದೆ. ಈ ಇಡೀ ಸಮೀಕ್ಷೆಯಲ್ಲಿ ನನಗೆ ಅತ್ಯಂತ ಭರವಸೆ ತರುವ ಭಾಗ ಇದು. ಬೆಂಗಳೂರಿನ ಜನಾಗ್ರಹ ಸಂಸ್ಥೆ ಎರಡು ದಾರಿಯ ತಪಾಸಣೆ ನಡೆಸಿತು: ಪಟ್ಟಿ ಹಿಡಿದು ಮನೆ ಹುಡುಕುವುದು, ಮನೆಗೆ ಹೋಗಿ ಪಟ್ಟಿಯಲ್ಲಿ ಹೆಸರು ಹುಡುಕುವುದು. ಮೊದಲನೆಯದರಲ್ಲಿ ಮನೆ ಬಿಟ್ಟುಹೋದವರು, ಸತ್ತವರು ಸಿಗುತ್ತಾರೆ, ಎರಡನೆಯದರಲ್ಲಿ ಪಟ್ಟಿಗೆ ಸೇರದೆ ಉಳಿದವರು. 2018ರ ವಿಧಾನಸಭಾ ಚುನಾವಣೆಗೆ ಮುನ್ನ ಅರ್ಥಶಾಸ್ತ್ರಜ್ಞ ಅಬುಸಾಲೆ ಷರೀಫ್, ಒಬ್ಬರೇ ಮತದಾರರಿರುವ ಮನೆಗಳನ್ನು ಎಣಿಸಿ ಮುಸ್ಲಿಮರ ಹೆಸರು ದೊಡ್ಡ ಪ್ರಮಾಣದಲ್ಲಿ ಕಾಣೆಯಾಗಿದೆ ಎಂದು ವಾದಿಸಿದರು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಿದ್ದದ್ದು 24. ಉಳಿದವರ ಹೆಸರು ಅವರಿಗೆ ಗೊತ್ತೇ ಇಲ್ಲದೆ ಹೋಗಿಬಿಡಬಹುದಿತ್ತು. ಬಿಹಾರದಲ್ಲಿ 2025ರ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿಯಿಂದ 65 ಲಕ್ಷ ಹೆಸರು ಬಿಟ್ಟುಹೋದ ಮೇಲಂತೂ ಪಟ್ಟಿಯ ಮಾತು ದೇಶದ ಮಾತಾಗಿದೆ.

ಬೇಕೆಂದೇ ಬಾರದವರ ಅಧ್ಯಯನ ಮಾತ್ರ ಇನ್ನೂ ಎಳೆಯದು. 2013ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಯಾರೂ ಬೇಡ ಎನ್ನುವವರಿಗೆ ನೋಟಾ ಗುಂಡಿ ಕೊಡಿಸಿತು. 2015ರಲ್ಲಿ ಕರ್ನಾಟಕ ಪಂಚಾಯಿತಿ ಚುನಾವಣೆಯಲ್ಲಿ ಮತದಾನ ಕಡ್ಡಾಯವೆಂದು ತಿದ್ದುಪಡಿ ತಂದಿತು. ಅದರಿಂದ ಯಾರ ಕಾಲೂ ಮತಗಟ್ಟೆಯತ್ತ ತಿರುಗಿದಂತೆ ಕಾಣಲಿಲ್ಲ. ನಮ್ಮಲ್ಲಿ ಮತ ನಿರಾಕರಣೆ ಹೆಚ್ಚಾಗಿ ಊರೊಟ್ಟಿನದು. ಚಾಮರಾಜನಗರ ಜಿಲ್ಲೆಯ ಇಂಡಿಗನತ್ತದಲ್ಲಿ 2024ರಲ್ಲಿ ಮೂಲಸೌಕರ್ಯ ಇಲ್ಲವೆಂದು ಬಹಿಷ್ಕಾರ ಹಾಕಿದರು, ಗಲಾಟೆಯಲ್ಲಿ ಮತಯಂತ್ರವೇ ಒಡೆಯಿತು. ಯಂತ್ರ ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರಸ್ತೆಗಾಗಿ, ನೀರಿಗಾಗಿ ಮತವನ್ನು ತಡೆಹಿಡಿಯುವವರು ಅದರ ಬೆಲೆ ತಿಳಿದೇ ಹಾಗೆ ಮಾಡುತ್ತಾರೆ. ಅವರನ್ನು ಉದಾಸೀನರ ಸಾಲಿಗೆ ಸೇರಿಸುವ ಲೆಕ್ಕ ತಪ್ಪು ಲೆಕ್ಕ.

ಚುನಾವಣಾ ಆಯೋಗದ ಪ್ರಯತ್ನಗಳನ್ನು ಅಲ್ಲಗಳೆಯುವಂತಿಲ್ಲ. 2023ರಲ್ಲಿ ಕರ್ನಾಟಕದಲ್ಲಿ 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಸಿಕ್ಕಿತು. ವಾರದ ಕೊನೆಗೆ ರಜೆ ಜೋಡಿಸಿಕೊಂಡು ಜನ ಊರು ಬಿಡದಿರಲೆಂದು ಮತದಾನ ಬುಧವಾರಕ್ಕೆ ಬಂತು. ಊರು ಬಿಟ್ಟವರಿಗಾಗಿ, ಒಂದೇ ಮತಗಟ್ಟೆಯಲ್ಲಿ 72 ಕ್ಷೇತ್ರಗಳ ಮತ ಪಡೆಯಬಲ್ಲ ದೂರ ಮತಯಂತ್ರದ ಪ್ರಸ್ತಾವವನ್ನು ಆಯೋಗ 2022ರ ಡಿಸೆಂಬರಿನಲ್ಲಿ ಮುಂದಿಟ್ಟಿತು. ಪಕ್ಷಗಳ ವಿರೋಧದಿಂದ ಅದು ಅಲ್ಲೇ ನಿಂತಿದೆ.

ಆದರೆ ಮಾರಿಕುಪ್ಪಂನ ರೈಲು ಹತ್ತುವವರಿಗೆ ಆ ಯಂತ್ರ ಬಂದರೂ ಉಪಯೋಗವಿಲ್ಲ. ಅವರು ಊರು ಬಿಟ್ಟವರಲ್ಲ. ರಾತ್ರಿ ಮಲಗುವುದು ಇಲ್ಲೇ, ಹೆಸರಿರುವುದೂ ಇಲ್ಲೇ. ಮತಗಟ್ಟೆ ಬೆಳಿಗ್ಗೆ 7ಕ್ಕೆ ತೆರೆಯುವ ಹೊತ್ತಿಗೆ ಅವರು ಊರಿನಲ್ಲಿ ಇರುವುದಿಲ್ಲ, ಸಂಜೆ 6ಕ್ಕೆ ಮುಚ್ಚುವಾಗ ವೈಟ್‌ಫೀಲ್ಡಿನ ಆಸುಪಾಸಿನಲ್ಲಿ ಇರುತ್ತಾರೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1996ರಲ್ಲಿ ಸೇರಿದ 135ಬಿ ಕಲಮು ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕೆನ್ನುತ್ತದೆ, ದಿನಗೂಲಿಯವರಿಗೂ. ತಪ್ಪಿದ ಮಾಲೀಕನಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ಏಜೆನ್ಸಿಯ ಕೈಕೆಳಗೆ ಕಸ ಗುಡಿಸುವವರು, ಕಾವಲು ಕಾಯುವವರು ರಜೆ ಕೇಳಿದರೆ ಮರುದಿನ ಅವರ ಜಾಗದಲ್ಲಿ ಇನ್ನೊಬ್ಬರಿರುತ್ತಾರೆ. ಕೂಲಿ ಹೋದೀತೆಂಬ ಭಯ ಎಂದು ಮೆರಿಯಮ್, ಗಾಸ್ನೆಲ್ ಬರೆದುಕೊಂಡದ್ದು ಇದನ್ನೇ.

ಕೆಜಿಎಫ್‌ನಲ್ಲಿ ಮತಗಟ್ಟೆಗೆ ಬಾರದವರು ಯಾರು, ಯಾಕೆ ಎಂದು ತಿಳಿಯಲು ಭಾರೀ ಹಣವೇನೂ ಬೇಡ. ರಾಬರ್ಟ್‌ಸನ್‌ಪೇಟೆಯ ಒಂದು ಮತಗಟ್ಟೆಯ ಪಟ್ಟಿ, ಅಂದರೆ ಸಾವಿರದ ಆಸುಪಾಸಿನ ಹೆಸರು, ಸಾಕು. ಎರಡೂ ದಾರಿಯಿಂದ ತಪಾಸಣೆ ನಡೆಯಬೇಕು. ಊರು ಬಿಟ್ಟವರು ಯಾರು, ರೈಲಿನವರು ಯಾರು, ಬೇಡವೆಂದು ಕೂತವರು ಯಾರು ಎಂದು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಪ್ರಶ್ನೆಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಕೇಳಬೇಕು. ಭಾನುವಾರವೇ ಹೋಗಬೇಕು, ಉಳಿದ ದಿನಗಳಲ್ಲಿ ಉತ್ತರ ಹೇಳಬೇಕಾದವರು ಮನೆಯಲ್ಲಿ ಸಿಗುವುದಿಲ್ಲ.